ಕೌಶಲವಿದ್ದರೂ ಬಾಗಿಲು ಮುಚ್ಚಬೇಕೆ?

ದುಡಿಮೆಯು ಮನುಷ್ಯನಿಗೆ ಅನ್ನವನ್ನು ಮಾತ್ರವಲ್ಲ, ಸಮಾಜದಲ್ಲಿ ಒಂದು ಗೌರವದ ಸ್ಥಾನವನ್ನೂ ಒದಗಿಸುತ್ತದೆ. ಆಟಿಸಂ, ಅಂದರೆ ಸ್ವಲೀನತೆಯುಳ್ಳ ಮಕ್ಕಳು ಚಿಕ್ಕವರಿರುವಾಗ ನಾವು ಶಾಲೆ, ತರಬೇತಿ ಎಂದು ಓಡಾಡುತ್ತೇವೆ. ಆದರೆ ಅವರು ಬೆಳೆದು ಉದ್ಯೋಗದ ವಯಸ್ಸಿಗೆ ಬಂದಾಗ, 'ನಮ್ಮ ಕಾಲಾನಂತರ ಇವರ ಗತಿಯೇನು?' ಎಂಬ ಪ್ರಶ್ನೆ ತಂದೆತಾಯಿಗಳನ್ನು ಹಗಲಿರುಳು ಕಾಡತೊಡಗುತ್ತದೆ.

ಆಟಿಸಂ ರೋಗವಲ್ಲ; ಮಿದುಳಿನ ಬೆಳವಣಿಗೆಯಲ್ಲಿಯೇ ಇರುವ ಭಿನ್ನತೆ. ಅದು ಎಲ್ಲರಲ್ಲಿಯೂ ಒಂದೇ ಬಗೆಯಾಗಿರುವುದಿಲ್ಲ. ಕೆಲವರಿಗೆ ಮಾತು ಕಡಿಮೆ; ಕೆಲವರು ನಿರರ್ಗಳವಾಗಿ ಮಾತನಾಡಿದರೂ ಎದುರಿನವರ ಇಂಗಿತವನ್ನು ಗ್ರಹಿಸಲು ಕಷ್ಟಪಡುತ್ತಾರೆ. ಗದ್ದಲ, ಪ್ರಖರ ಬೆಳಕು, ಹಠಾತ್ ಬದಲಾವಣೆಗಳು ಅನೇಕರನ್ನು ಕಂಗೆಡಿಸುತ್ತವೆ.

ಇಂಥವರಿಗೆ ಮೊದಲ ಅಡ್ಡಗೋಡೆ ಸಂದರ್ಶನ. ಕಣ್ಣಿಗೆ ಕಣ್ಣಿಟ್ಟು ನೋಡದವನನ್ನು, ಪ್ರಶ್ನೆಗೆ ತಡವಾಗಿ ಉತ್ತರಿಸುವವಳನ್ನು ಅಸಮರ್ಥರೆಂದು ಎಣಿಸಿ ಹಿಂದಕ್ಕೆ ಕಳುಹಿಸುತ್ತೇವೆ. ಅಲ್ಲಿ ಪರೀಕ್ಷೆಗೊಳಗಾಗುವುದು ಕೆಲಸವಲ್ಲ, ಮಾತಿನ ಚಾತುರ್ಯ.

ಡೆನ್ಮಾರ್ಕಿನ ತೋರ್ಕಿಲ್ ಸೊನ್ನೆ ಎಂಬವರು ಈ ಲೋಪವನ್ನು ಗುರುತಿಸಿದರು. ಆಟಿಸಂ ಉಳ್ಳ ಮಗನ ತಂದೆಯಾದ ಅವರು 2004ರಲ್ಲಿ 'ಸ್ಪೆಷಲಿಸ್ಟರ್ನ' ಸಂಸ್ಥೆಯನ್ನು ಆರಂಭಿಸಿದರು. ಅಲ್ಲಿ ಬರಿಯ ಪ್ರಶ್ನೋತ್ತರಕ್ಕೆ ಬದಲಾಗಿ ಲೆಗೋ ತುಂಡುಗಳಿಂದ ರೋಬೋಟ್ ಕಟ್ಟುವಂತಹ ಕೆಲಸವನ್ನು ಕೊಟ್ಟು ಅಭ್ಯರ್ಥಿಗಳ ಸಾಮರ್ಥ್ಯವನ್ನು ಅಳೆಯಲಾಯಿತು. ಇದೇ ಸಂಸ್ಥೆಯ ಸಹಯೋಗದಲ್ಲಿ ಜರ್ಮನಿಯ ಸಾಫ್ಟ್‌ವೇರ್ ಕಂಪೆನಿ ಎಸ್‌ಎಪಿ 2013ರಲ್ಲಿ ಜಾಗತಿಕ ಯೋಜನೆಯೊಂದನ್ನು ಪ್ರಕಟಿಸಿತು. ಆ ವೇಳೆಗಾಗಲೇ ಅದರ ಭಾರತೀಯ ಶಾಖೆಯು ಆಟಿಸಂ ಉಳ್ಳ ಆರು ಮಂದಿಯನ್ನು ಸಾಫ್ಟ್‌ವೇರ್ ಪರೀಕ್ಷಕರನ್ನಾಗಿ ನೇಮಿಸಿಕೊಂಡಿತ್ತು.

ಹಾಗೆಂದು ಇವರೆಲ್ಲರೂ ಗಣಕಯಂತ್ರದ ನಿಪುಣರೆಂದು ಭಾವಿಸುವುದೂ ತಪ್ಪು. ಗ್ರಂಥಾಲಯ, ಬೇಕರಿ, ಮುದ್ರಣಾಲಯ, ಆಸ್ಪತ್ರೆಯ ದಾಖಲೆ ವಿಭಾಗ - ಅವರವರ ಅಭಿರುಚಿಗೆ ತಕ್ಕ ಕೆಲಸ ಎಲ್ಲಿಯೂ ಇರಬಹುದು.

ಇದಕ್ಕೆ ದೊಡ್ಡ ಖರ್ಚು ಬೇಕೆಂದಿಲ್ಲ. ಸಂದರ್ಶನದ ಪ್ರಶ್ನೆಗಳನ್ನು ಮುಂಚಿತವಾಗಿ ಕೊಡಬಹುದು. 'ಸ್ವಲ್ಪ ಬೇಗ ಮುಗಿಸಿ' ಎನ್ನುವ ಬದಲು 'ಈ ಹತ್ತು ಕಡತಗಳನ್ನು ಮೂರು ಗಂಟೆಯೊಳಗೆ ಜೋಡಿಸಿ' ಎಂದು ಬರೆದು ತಿಳಿಸಬಹುದು. ಸದ್ದಿಲ್ಲದ ಮೂಲೆಯಲ್ಲಿ ಆಸನ, ಕಿವಿಗೆ ಶಬ್ದ ತಡೆಯುವ ಸಾಧನ, ವೇಳಾಪಟ್ಟಿ ಬದಲಾದರೆ ಮುನ್ಸೂಚನೆ, ಸಂದೇಹ ಬಂದಾಗ ಕೇಳಲು ಗೊತ್ತಾದ ಒಬ್ಬ ಹಿರಿಯ ಸಹೋದ್ಯೋಗಿ - ಇಷ್ಟರಿಂದಲೇ ಬಹಳಷ್ಟು ಸುಗಮವಾಗುತ್ತದೆ. ಊಟದ ವೇಳೆ ಒಬ್ಬರೇ ಕುಳಿತರೆ ಅದನ್ನು ಅಹಂಕಾರವೆಂದು ಬಗೆಯಬಾರದು. ಯಾವುದು ಬೇಕು, ಯಾವುದು ಬೇಡ ಎಂಬುದನ್ನು ಅವರನ್ನೇ ಕೇಳಿ ತಿಳಿಯುವುದು ಎಲ್ಲಕ್ಕಿಂತ ಮೇಲು.

ಇದು ಕೇವಲ ದಯೆಯ ವಿಷಯವಲ್ಲ, ಹಕ್ಕಿನ ವಿಷಯ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಆಟಿಸಂ ಅನ್ನು 21 ಬಗೆಯ ವೈಕಲ್ಯಗಳಲ್ಲಿ ಒಂದಾಗಿ ಪರಿಗಣಿಸಿದೆ. ಸರಕಾರಿ ಹುದ್ದೆಗಳಲ್ಲಿ ವಿಕಲಚೇತನರಿಗೆ ಮೀಸಲಾದ ಶೇಕಡಾ 4ರಲ್ಲಿ ಒಂದು ಪಾಲು ಆಟಿಸಂ, ಬೌದ್ಧಿಕ ವೈಕಲ್ಯ ಮೊದಲಾದವು ಉಳ್ಳವರಿಗೆ ಸಲ್ಲುತ್ತದೆ. ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶದ ನೀತಿಯನ್ನು ಪ್ರಕಟಿಸಬೇಕಾಗಿದೆ.

ಆದರೆ ಕಾನೂನು ಬಾಗಿಲು ತೆರೆದೀತೇ ಹೊರತು ಒಳಗೆ ಬಂದವರಿಗೆ ಮಣೆ ಹಾಕಲಾರದು. ನಮ್ಮಲ್ಲಿ ಅಂಗಡಿ ಇಟ್ಟವರಿದ್ದಾರೆ, ಶಾಲೆ ಆಸ್ಪತ್ರೆಗಳನ್ನು ನಡೆಸುವವರಿದ್ದಾರೆ, ಕಚೇರಿಗಳಲ್ಲಿ ನೇಮಕಾತಿಯ ಅಧಿಕಾರವುಳ್ಳವರಿದ್ದಾರೆ. ಮುಂದಿನ ಬಾರಿ ಅಂಥ ಅರ್ಜಿಯೊಂದು ಮೇಜಿನ ಮೇಲೆ ಬಂದಾಗ ಮಾತಿನ ಬದಲು ಕೆಲಸವನ್ನು ನೋಡಿ ನಿರ್ಣಯಿಸೋಣ. ಒಂದು ಮನೆಯ ತಂದೆತಾಯಿಗಳ ಬಹುಕಾಲದ ಪ್ರಶ್ನೆಗೆ ಅದರಿಂದ ಉತ್ತರ ದೊರೆಯಬಹುದು.