ಹೊಲದ ದುಡಿಮೆ, ದೇಹದ ತೂಕ ಮತ್ತು ಸಕ್ಕರೆ ಕಾಯಿಲೆ

ಸಕ್ಕರೆ ಕಾಯಿಲೆಯು ಪಟ್ಟಣದಲ್ಲಿ ಕುಳಿತು ಕೆಲಸ ಮಾಡುವವರಿಗೆ ಬರುವಂಥದು, ಮೈ ಮುರಿದು ದುಡಿಯುವ ರೈತನ ಹತ್ತಿರ ಅದು ಸುಳಿಯದು ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಬಹುಕಾಲದಿಂದ ಇದೆ. ಇದರಲ್ಲಿ ಅರ್ಧ ಸತ್ಯವಿದೆ. ದುಡಿಮೆಯು ಈ ಕಾಯಿಲೆಯನ್ನು ದೂರವಿಡಲು ನೆರವಾಗುತ್ತದೆ. ಆದರೆ ಹೊಲ ಇದೆ ಎಂದ ಮಾತ್ರಕ್ಕೆ ಯಾರಿಗೂ ರಕ್ಷಣೆ ದೊರೆಯುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ಪಟ್ಟಣಗಳ ವಯಸ್ಕರಲ್ಲಿ ಶೇಕಡ 16.4 ಮಂದಿಗೆ ಮತ್ತು ಹಳ್ಳಿಗಳ ವಯಸ್ಕರಲ್ಲಿ ಶೇಕಡ 8.9 ಮಂದಿಗೆ ಈ ಕಾಯಿಲೆ ಇತ್ತು. ಇದಕ್ಕಿಂತ ಎಚ್ಚರಿಕೆಯ ಸಂಗತಿ ಇನ್ನೊಂದಿದೆ. ಕಾಯಿಲೆಯ ಹೊಸ್ತಿಲಲ್ಲಿ ನಿಂತಿರುವವರ ಪ್ರಮಾಣ ಹಳ್ಳಿಯಲ್ಲಿಯೂ ಪಟ್ಟಣದಲ್ಲಿಯೂ ಹೆಚ್ಚು ಕಡಿಮೆ ಒಂದೇ, ಅಂದರೆ ಶೇಕಡ 15ರಷ್ಟಿತ್ತು.

ಕೆಲಸ ಬದಲಾಯಿತು, ಊಟ ಬದಲಾಗಲಿಲ್ಲ

ನಿಮ್ಮ ತಂದೆಯವರು ಕಪಿಲೆ ಹೊಡೆದು ನೀರೆತ್ತಿದ್ದರೆ ಇಂದು ನೀವು ಪಂಪ್‌ಸೆಟ್ಟಿನ ಗುಂಡಿ ಒತ್ತುತ್ತೀರಿ. ನೇಗಿಲಿನ ಹಿಂದೆ ದಿನವಿಡೀ ನಡೆಯುತ್ತಿದ್ದ ಜಾಗದಲ್ಲಿ ಟ್ರ್ಯಾಕ್ಟರಿನ ಮೇಲೆ ಒಂದೆರಡು ಗಂಟೆ ಕುಳಿತರೆ ಉಳುಮೆ ಮುಗಿಯುತ್ತದೆ. ಹೊಲಕ್ಕೆ ಹೋಗಿಬರುವುದೂ ಮೋಟಾರ್ ಸೈಕಲ್ಲಿನ ಮೇಲೆಯೇ. ಯಂತ್ರಗಳು ಬೇಡವೆಂದು ಇಲ್ಲಿ ಹೇಳುತ್ತಿಲ್ಲ. ಆಳುಗಳ ಅಭಾವದ ಈ ಕಾಲದಲ್ಲಿ ಅವು ಅವಶ್ಯಕ. ಆದರೆ ದುಡಿಮೆ ಅರ್ಧವಾದಾಗ ಮುದ್ದೆ, ಅನ್ನಗಳ ಅಳತೆ ಹಿಂದಿನಷ್ಟೇ ಉಳಿದರೆ, ಖರ್ಚಾಗದೆ ಉಳಿದದ್ದು ಕೊಬ್ಬಾಗಿ ಸೇರುತ್ತದೆ. ನಮ್ಮ ದೇಶದವರಲ್ಲಿ ಅದು ಹೊಟ್ಟೆಯ ಸುತ್ತ ಬೇಗ ಸೇರುತ್ತದೆ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವವರಿಗೂ ಈ ಕಾಯಿಲೆಯ ಅಪಾಯ ಹೆಚ್ಚು.

ದೇಹದೊಳಗೆ ನಡೆಯುವುದೇನು?

ಉಂಡ ಅನ್ನ, ಮುದ್ದೆ, ರೊಟ್ಟಿ ಜೀರ್ಣವಾಗಿ ಸಕ್ಕರೆಯ ರೂಪದಲ್ಲಿ ರಕ್ತವನ್ನು ಸೇರುತ್ತವೆ. ರಕ್ತನಾಳಗಳನ್ನು ಕಾಲುವೆಯೆಂದೂ ಮಾಂಸಖಂಡಗಳನ್ನು ಗದ್ದೆಯೆಂದೂ ಭಾವಿಸಿರಿ. ಮಡೆ ತೆಗೆದು ಗದ್ದೆಗೆ ನೀರು ಬಿಡುವ ನೀರಗಂಟಿಯ ಕೆಲಸವನ್ನು ಮೇದೋಜೀರಕ ಗ್ರಂಥಿಯಲ್ಲಿ ಹುಟ್ಟುವ ಇನ್ಸುಲಿನ್ ಎಂಬ ರಸ ಮಾಡುತ್ತದೆ. ಹೊಟ್ಟೆಯಲ್ಲಿಯೂ ಯಕೃತ್ತಿನಲ್ಲಿಯೂ ಕೊಬ್ಬು ಹೆಚ್ಚಾದಾಗ ಇನ್ಸುಲಿನ್ನಿನ ಮಾತು ನಡೆಯದಂತಾಗುತ್ತದೆ. ಮಡೆ ಸರಿಯಾಗಿ ತೆರೆಯದೆ ಕಾಲುವೆಯಲ್ಲಿ ಸಕ್ಕರೆ ತುಂಬಿ ನಿಲ್ಲುತ್ತದೆ. ಗ್ರಂಥಿಯು ಕೆಲವು ವರ್ಷ ಹೆಚ್ಚು ಇನ್ಸುಲಿನ್ ಕೊಟ್ಟು ಸರಿದೂಗಿಸಿ, ಕೊನೆಗೆ ಸೋಲುತ್ತದೆ. ಆಗ ಕಾಣಿಸಿಕೊಳ್ಳುವುದೇ ಸಕ್ಕರೆ ಕಾಯಿಲೆ.

ವ್ಯಾಯಾಮದ ಮಹತ್ವ ಇಲ್ಲಿದೆ. ದುಡಿಯುತ್ತಿರುವ ಮಾಂಸಖಂಡವು ಇನ್ಸುಲಿನ್ನಿಗಾಗಿ ಕಾಯದೆ ತಾನೇ ರಕ್ತದಿಂದ ಸಕ್ಕರೆಯನ್ನು ಎಳೆದುಕೊಳ್ಳಬಲ್ಲದು. ಕೆಲಸ ನಿಂತ ಮೇಲೂ ಒಂದೆರಡು ದಿನ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ. ಆದುದರಿಂದ ಸುಗ್ಗಿಯಲ್ಲಿ ಹದಿನೈದು ದಿನ ದುಡಿದು ಉಳಿದ ಕಾಲ ಸುಮ್ಮನೆ ಕುಳಿತರೆ ಸಾಲದು. ಎರಡು ದಿನಕ್ಕಿಂತ ಹೆಚ್ಚು ಬಿಡುವು ಕೊಡದೆ ದೇಹವನ್ನು ದುಡಿಸಬೇಕು.

ನೀರು ಕಳೆದುಕೊಂಡ ರೈತರ ಕಥೆ

ಅಮೆರಿಕದ ಅರಿಜೋನಾ ಪ್ರಾಂತದಲ್ಲಿ ಪೀಮಾ ಎಂಬ ಮೂಲನಿವಾಸಿ ಜನರಿದ್ದಾರೆ. ಹೀಲಾ ನದಿಯಿಂದ ಕಾಲುವೆ ತೆಗೆದು ಮೆಕ್ಕೆಜೋಳ, ಬೀನ್ಸಿನಂಥ ಬೆಳೆ ಬೆಳೆಯುವ ನುರಿತ ಬೇಸಾಯಗಾರರು ಅವರು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಮೇಲ್ಭಾಗದ ವಲಸಿಗರು ನದಿಯ ನೀರನ್ನು ತಿರುಗಿಸಿಕೊಂಡರು. ಪೀಮಾ ಜನರ ಹೊಲಗಳು ಒಣಗಿದವು, ದುಡಿಮೆ ತಪ್ಪಿತು, ಹೊರಗಿನ ಹಿಟ್ಟು, ಕೊಬ್ಬು, ಸಕ್ಕರೆಗಳೇ ಆಹಾರವಾದವು. ಇದೇ ಮೂಲದ ಇನ್ನೊಂದು ಗುಂಪು ಮೆಕ್ಸಿಕೋದ ಬೆಟ್ಟಪ್ರದೇಶದ ಮಾಯ್ಕೋಬಾದಲ್ಲಿ ಮೈದುಡಿಮೆಯ ಬೇಸಾಯದಲ್ಲಿಯೇ ಉಳಿಯಿತು. ಎರಡೂ ಕಡೆ ಪರೀಕ್ಷೆ ನಡೆಸಿ 2006ರಲ್ಲಿ ಪ್ರಕಟಿಸಿದ ವರದಿಯಂತೆ, ಅರಿಜೋನಾದವರಲ್ಲಿ ಶೇಕಡ 38 ವಯಸ್ಕರಿಗೆ ಸಕ್ಕರೆ ಕಾಯಿಲೆ ಇದ್ದರೆ ಮೆಕ್ಸಿಕೋದವರಲ್ಲಿ ಶೇಕಡ 6.9 ಮಂದಿಗೆ ಮಾತ್ರ ಇತ್ತು. ಬೊಜ್ಜು ಕೂಡ ಅವರಲ್ಲಿ ಬಹಳ ಕಡಿಮೆ. ವಂಶ ಒಂದೇ ಆಗಿದ್ದರೂ ಬದುಕುವ ರೀತಿ ಬೇರೆಯಾದುದರಿಂದ ಕಾಯಿಲೆಯ ಪ್ರಮಾಣವೂ ಬೇರೆಯಾಯಿತು. 'ಅಪ್ಪನಿಗಿತ್ತು, ನನಗೂ ಬರುವುದೇ' ಎಂದು ಕೈಚೆಲ್ಲಿ ಕುಳಿತವರು ಇದನ್ನು ನೆನಪಿನಲ್ಲಿಡಬೇಕು.

ನಿಮ್ಮ ಅಳತೆ ಎಷ್ಟು?

ತೂಕದ ಯಂತ್ರವಿಲ್ಲದಿದ್ದರೂ ಟೇಪು ಸಾಕು. ಪಕ್ಕೆಲುಬಿನ ಕೊನೆಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಉಸಿರು ಬಿಟ್ಟು, ಹೊಟ್ಟೆಯನ್ನು ಒಳಗೆಳೆಯದೆ ಸುತ್ತಳತೆ ನೋಡಿರಿ. ಗಂಡಸರಿಗೆ 90 ಸೆಂ.ಮೀ. (ಸುಮಾರು 35 ಅಂಗುಲ), ಹೆಂಗಸರಿಗೆ 80 ಸೆಂ.ಮೀ. (ಸುಮಾರು 31 ಅಂಗುಲ) ಮೀರಿದರೆ ಎಚ್ಚರ ವಹಿಸಬೇಕು.

ತೂಕ ಗೊತ್ತಿದ್ದರೆ, ಕಿಲೋಗ್ರಾಂ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿರಿ. ಭಾರತೀಯರಿಗೆ ಇದು 23ಕ್ಕಿಂತ ಕಡಿಮೆ ಇರುವುದು ಒಳ್ಳೆಯದು. 25 ದಾಟಿದರೆ ಬೊಜ್ಜೆಂದು ಎಣಿಸುತ್ತಾರೆ. ಉದಾಹರಣೆಗೆ, 165 ಸೆಂ.ಮೀ. ಎತ್ತರದ ರೈತನ ತೂಕ 62 ಕಿಲೋ ಆಸುಪಾಸಿನಲ್ಲಿದ್ದರೆ ಒಳ್ಳೆಯದು, 68 ಕಿಲೋ ದಾಟಿದರೆ ಬೊಜ್ಜು.

ಸ್ವಲ್ಪ ತೂಕ ಇಳಿದರೂ ಲಾಭವಿದೆ

ಅಮೆರಿಕದಲ್ಲಿ ಕಾಯಿಲೆಯ ಹೊಸ್ತಿಲಲ್ಲಿದ್ದ 3,234 ಮಂದಿಯ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಂದು ಗುಂಪಿಗೆ ತೂಕದಲ್ಲಿ ಶೇಕಡ 7ರಷ್ಟು ಇಳಿಸುವ ಮತ್ತು ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯುವ ಗುರಿ ಕೊಡಲಾಗಿತ್ತು. ಸುಮಾರು ಮೂರು ವರ್ಷಗಳಲ್ಲಿ ಆ ಗುಂಪಿನಲ್ಲಿ ಹೊಸದಾಗಿ ಕಾಯಿಲೆ ಬರುವುದು ಶೇಕಡ 58ರಷ್ಟು ಕಡಿಮೆಯಾಯಿತು. ಮೆಟ್‌ಫಾರ್ಮಿನ್ ಮಾತ್ರೆ ಕೊಟ್ಟ ಗುಂಪಿನಲ್ಲಿ ಶೇಕಡ 31ರಷ್ಟು ಮಾತ್ರ ಇಳಿದಿತ್ತು. ಶೇಕಡ 7 ಎಂದರೆ 74 ಕಿಲೋ ತೂಗುವವರಿಗೆ ಸುಮಾರು 5 ಕಿಲೋ.

ಚೆನ್ನೈಯಲ್ಲಿ 531 ಮಂದಿಯ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗವು ಇನ್ನೊಂದು ಪಾಠ ಕಲಿಸಿದೆ. ಅಲ್ಲಿ ನಡಿಗೆ ಮತ್ತು ಊಟದ ಪಥ್ಯ ಅನುಸರಿಸಿದವರ ತೂಕ ಹೆಚ್ಚೇನೂ ಇಳಿಯಲಿಲ್ಲ. ಆದರೂ ಅವರಲ್ಲಿ ಕಾಯಿಲೆ ಬರುವುದು ಶೇಕಡ 28ರಷ್ಟು ಕಡಿಮೆಯಾಯಿತು. ಆದುದರಿಂದ ತೂಕ ಇಳಿಯಲಿಲ್ಲವೆಂದು ನಡಿಗೆಯನ್ನು ಬಿಡಬಾರದು.

ನೀವು ಮಾಡಬೇಕಾದುದು

1. ದಿನಕ್ಕೆ 30 ನಿಮಿಷದಂತೆ ವಾರಕ್ಕೆ ಐದು ದಿನವಾದರೂ ಚುರುಕಾಗಿ ನಡೆಯಿರಿ. ಮಾತನಾಡಲು ಆಗಬೇಕು, ಆದರೆ ಹಾಡಲು ಆಗಬಾರದು. ಅಷ್ಟು ವೇಗವಿರಲಿ. ಬದುವಿನ ಮೇಲೆ ಅಡ್ಡಾಡಿ ನೀರು ನೋಡಿ ಬರುವ ನಿಧಾನ ನಡಿಗೆ ಇದಕ್ಕೆ ಸಮನಲ್ಲ.

2. ಹತ್ತಿರದ ಹೊಲಕ್ಕೆ ನಡೆದೇ ಹೋಗಿರಿ. ಅಗೆಯುವುದು, ಮೇವು ಕೊಯ್ದು ಹೊರುವುದು, ಗೊಬ್ಬರ ಎತ್ತುವುದು ಮುಂತಾದ ಬಿರುಸಿನ ಕೆಲಸಗಳಲ್ಲಿ ಕೆಲವನ್ನಾದರೂ ನಿಮಗಾಗಿ ಉಳಿಸಿಕೊಳ್ಳಿರಿ. ಇವು ಮಾಂಸಖಂಡವನ್ನು ಬಲಪಡಿಸುತ್ತವೆ.

3. ಕೆಲಸ ಕಡಿಮೆ ಇರುವ ದಿನಗಳಲ್ಲಿ ಮುದ್ದೆ, ಅನ್ನಗಳ ಅಳತೆ ಇಳಿಸಿ ಸೊಪ್ಪು, ತರಕಾರಿ, ಬೇಳೆಕಾಳು ಹೆಚ್ಚಿಸಿರಿ. ರಾಗಿಯಲ್ಲಿ ನಾರು ಮತ್ತು ಸುಣ್ಣದ ಅಂಶ ಹೆಚ್ಚಿದ್ದರೂ ಅದರಲ್ಲಿ ಬಹುಪಾಲು ಪಿಷ್ಟವೇ. ಹೆಚ್ಚು ಉಂಡರೆ ಅದೂ ಸಕ್ಕರೆಯಾಗುತ್ತದೆ. ಬೆಲ್ಲವೂ ಸಕ್ಕರೆಯಂತೆಯೇ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ದಿನಕ್ಕೆ ಐದಾರು ಸಲ ಸಿಹಿ ಚಹಾ ಕುಡಿಯುವ ಅಭ್ಯಾಸವನ್ನು ಮೊದಲು ಬಿಡಿರಿ.

4. 30 ವರ್ಷ ದಾಟಿದವರೆಲ್ಲರೂ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು. ಬರಿಹೊಟ್ಟೆಯಲ್ಲಿ 100 ಮಿಲಿಲೀಟರಿಗೆ 100 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಸರಿ. 100ರಿಂದ 125 ಇದ್ದರೆ ಅದೇ ಹೊಸ್ತಿಲು. 126 ಅಥವಾ ಹೆಚ್ಚು ಇದ್ದರೆ ಮತ್ತೊಮ್ಮೆ ಪರೀಕ್ಷಿಸಿ ಕಾಯಿಲೆಯನ್ನು ಖಚಿತಪಡಿಸುತ್ತಾರೆ.

ಈಗಾಗಲೇ ಕಾಯಿಲೆ ಇರುವವರಿಗೆ ಎಚ್ಚರಿಕೆ

ವ್ಯಾಯಾಮ ಆರಂಭಿಸುವ ಮೊದಲು ವೈದ್ಯರ ಸಲಹೆ ಪಡೆಯಿರಿ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಬರಿಹೊಟ್ಟೆಯಲ್ಲಿ ದೂರದ ಹೊಲದಲ್ಲಿ ಒಬ್ಬರೇ ದುಡಿಯಬಾರದು. ರಕ್ತದ ಸಕ್ಕರೆ ತೀರ ಇಳಿದು ಬೆವರು, ನಡುಕ ಬಂದು ಎಚ್ಚರ ತಪ್ಪಬಹುದು. ಜೇಬಿನಲ್ಲಿ ಸ್ವಲ್ಪ ಸಕ್ಕರೆ ಇರಲಿ. ಬರಿಗಾಲಿನಲ್ಲಿ ಹೊಲಕ್ಕಿಳಿಯಬೇಡಿರಿ. ಪಾದದ ಸ್ಪರ್ಶ ಮಂದವಾಗಿರುವವರಿಗೆ ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ. ಚಿಕ್ಕ ಗಾಯವೇ ಕೊಳೆತು ಕಾಲು ಕಳೆದುಕೊಳ್ಳುವ ಸ್ಥಿತಿ ಬರಬಹುದು. ದಿನವೂ ಮಲಗುವ ಮುನ್ನ ಪಾದಗಳನ್ನು ನೋಡಿಕೊಳ್ಳಿರಿ.

ಕಣ್ಣು, ಮೂತ್ರಪಿಂಡ, ಕಾಲುಗಳು ಕೆಟ್ಟ ಮೇಲೆ ಚಿಕಿತ್ಸೆಗೆ ಹೊಲವನ್ನೇ ಮಾರಬೇಕಾದೀತು. ಬೆಳೆಗೆ ರೋಗ ಬರುವ ಮುಂಚೆಯೇ ಬೀಜೋಪಚಾರ ಮಾಡುವ ನೀವು ನಿಮ್ಮ ದೇಹಕ್ಕೂ ಅದೇ ಮುಂಜಾಗ್ರತೆ ವಹಿಸಿರಿ. ಇಂದೇ ಟೇಪು ಹಿಡಿದು ಮನೆಮಂದಿಯೆಲ್ಲರ ಸುತ್ತಳತೆ ನೋಡಿರಿ.