ವಿನ್ಯಾಸವ್ಯವಸ್ಥೆಯ ಕೈಪಿಡಿಯಲ್ಲಿ ಕಾರಣನಿರೂಪಣೆ

ಒಂದು ಸಂಸ್ಥೆಯ ಹಲವು ತಂತ್ರಾಂಶಗಳಲ್ಲಿ ಗುಂಡಿ, ಪಠ್ಯಪೆಟ್ಟಿಗೆ, ದೋಷಸೂಚನೆ ಮೊದಲಾದ ಅಂಗಗಳು ಏಕರೂಪವಾಗಿರಬೇಕೆಂದು ರಚಿಸಿಟ್ಟ ಸಿದ್ಧಘಟಕಗಳನ್ನೂ ಅವುಗಳ ಬಳಕೆಯ ನಿಯಮಗಳನ್ನೂ ಒಟ್ಟಾಗಿ ಡಿಸೈನ್ ಸಿಸ್ಟಂ, ಎಂದರೆ ವಿನ್ಯಾಸವ್ಯವಸ್ಥೆ, ಎಂದು ಕರೆಯುತ್ತಾರೆ. ಅದರ ಕೈಪಿಡಿಯಲ್ಲಿ ಘಟಕದ ಚಿತ್ರವೂ ನಕಲು ಮಾಡಿಕೊಳ್ಳತಕ್ಕ ಕೋಡೂ ಇದ್ದರೆ ಪ್ರೋಗ್ರಾಮು ಬರೆಯುವವರಿಗೆ ಸಾಕೆಂಬ ಭಾವನೆಯುಂಟು. ಅಷ್ಟೇ ಸಾಲದೆಂಬುದು ನಮ್ಮ ಅಭಿಪ್ರಾಯ.

ಬ್ರಿಟಿಷ್ ಸರ್ಕಾರದ ಸೇವೆಗಳಿಗಾಗಿ ೨೦೧೮ರಲ್ಲಿ ಪ್ರಕಟವಾದ ಗವ್.ಯುಕೆ ವಿನ್ಯಾಸವ್ಯವಸ್ಥೆಯನ್ನು ಪರಿಶೀಲಿಸೋಣ. ಎಚ್‌ಟಿಎಂಎಲ್‌ನಲ್ಲಿ ಅಂಕಿಗಳಿಗೆಂದೇ 'ನಂಬರ್' ಎಂಬ ಪ್ರಕಾರದ ಪೆಟ್ಟಿಗೆಯಿದೆ. ಖಾತೆಯ ಸಂಖ್ಯೆಯನ್ನು ಕೇಳುವಲ್ಲಿ ಅದನ್ನೇ ಇಡಬೇಕೆಂದು ಯಾರಿಗಾದರೂ ತೋರುವುದು ಸಹಜ. ಈ ಕೈಪಿಡಿಯಾದರೋ ಅದು ಬೇಡವೆನ್ನುತ್ತದೆ. ಸಾಮಾನ್ಯವಾದ 'ಟೆಕ್ಸ್ಟ್' ಪೆಟ್ಟಿಗೆಯನ್ನೇ ಇಟ್ಟು, ಮೊಬೈಲಿನಲ್ಲಿ ಅಂಕಿಗಳ ಕೀಲಿಮಣೆ ಮೂಡುವಂತೆ 'ಇನ್‌ಪುಟ್‌ಮೋಡ್' ಎಂಬ ಗುಣವನ್ನು 'ನ್ಯೂಮರಿಕ್' ಎಂದು ಗೊತ್ತುಪಡಿಸಲು ಹೇಳುತ್ತದೆ. ಈ ಮಾರ್ಪಾಟನ್ನು ಮಾಡಿದವರು ೨೦೨೦ರಲ್ಲಿ ಅದರ ಕಾರಣಗಳನ್ನೂ ವಿವರಿಸಿದರು. 'ನಂಬರ್' ಪೆಟ್ಟಿಗೆಯಲ್ಲಿ ಬರೆದವನು ಪುಟವನ್ನು ಸರಿಸಲು ಮೌಸಿನ ಚಕ್ರವನ್ನು ತಿರುಗಿಸಿದರೆ, ಅವನಿಗೆ ಅರಿವಿಲ್ಲದೆಯೇ ಅಂಕಿ ಬದಲಾಗಬಹುದು. ಬಹು ದೀರ್ಘವಾದ ಸಂಖ್ಯೆಗಳನ್ನು ಕೆಲವು ಬ್ರೌಸರುಗಳು ಬೇರೆ ರೂಪಕ್ಕೆ ತಿರುಗಿಸಿಬಿಡುವುದೂ ಉಂಟು.

ಈ ಕಾರಣಗಳನ್ನು ಬರೆದಿಡದಿದ್ದರೆ ಏನಾಗುತ್ತಿತ್ತು? ಹೊಸದಾಗಿ ಬಂದ ಪ್ರೋಗ್ರಾಮರನು 'ಟೆಕ್ಸ್ಟ್' ಎಂಬುದನ್ನು ಹಿಂದಿನವರ ಅಜಾಗ್ರತೆಯೆಂದು ಬಗೆದು, ಸದ್ಭಾವದಿಂದಲೇ 'ನಂಬರ್' ಎಂದು ತಿದ್ದಬಹುದು. ಪರೀಕ್ಷೆಗಳಲ್ಲಿ ಎಲ್ಲವೂ ಸರಿಯಾಗಿಯೇ ಕಾಣುವುದು. ಹಾನಿ ತಟ್ಟುವುದು ನಿವೃತ್ತಿವೇತನದ ಅರ್ಜಿಯಲ್ಲಿ ಖಾತೆಯ ಅಂಕಿಯೊಂದು ಕದಲಿಹೋದ ವೃದ್ಧರಿಗೆ. ತಪ್ಪಿನ ಮೂಲವಾದರೂ ಅವರಿಗೆ ತಿಳಿಯುವಂತಿಲ್ಲ.

ಅದೇ ಕೈಪಿಡಿಯು ಘಟಕವನ್ನು ಎಲ್ಲಿ ಬಳಸಬಾರದೆಂಬುದನ್ನೂ ಹೇಳುತ್ತದೆ. ಇದು ಅನೇಕ ಕೈಪಿಡಿಗಳಲ್ಲಿ ಕಾಣದ ಗುಣ. ಜನ್ಮದಿನದಂತೆ ಬಳಸುವವನಿಗೆ ಮೊದಲೇ ಗೊತ್ತಿರುವ ದಿನಾಂಕಕ್ಕೆ ಮೂರು ಪೆಟ್ಟಿಗೆಗಳು ಯುಕ್ತ. ಗೊತ್ತಿಲ್ಲದ ದಿನವನ್ನು ಆರಿಸಬೇಕಾದಲ್ಲಿ ಅವು ಸಲ್ಲವು. ಬಣ್ಣ, ಅಂತರ ಮುಂತಾದವುಗಳ ಪಟ್ಟಿಯನ್ನು ಕುರಿತು ಇಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಅದನ್ನು ಯಂತ್ರವೇ ಕೋಡಿನಿಂದ ಸಿದ್ಧಪಡಿಸಬಲ್ಲುದು. ಕಾರಣವನ್ನು ಮಾತ್ರ ಮನುಷ್ಯನೇ ಬರೆಯಬೇಕು.

ಕನ್ನಡದ ವಿಷಯದಲ್ಲಿ ಈ ಅಗತ್ಯ ಇನ್ನೂ ಹೆಚ್ಚು. ಗುಂಡಿಯ ಎತ್ತರವನ್ನು ರೋಮನ್ ಅಕ್ಷರಗಳನ್ನಿಟ್ಟು ಅಳೆದು ಬಿಗಿಯಾಗಿ ನಿಗದಿ ಮಾಡಿದರೆ 'ರಾಷ್ಟ್ರ' ಎಂಬ ಪದದ ಒತ್ತಕ್ಷರಗಳು ಕೆಳಗೆ ಕತ್ತರಿಸಿಹೋಗಬಹುದು. ಆದಕಾರಣ ಎತ್ತರದ ಅಂಕಿಯ ಪಕ್ಕದಲ್ಲಿ, ಅದನ್ನು ಯಾವ ಲಿಪಿಯಿಂದ ಅಳೆಯಲಾಯಿತೆಂಬ ಒಂದು ವಾಕ್ಯವೂ ಇರತಕ್ಕದ್ದು.