ಕುದುರೆಯ ಹುಳುಕಡ್ಡಿ: ಕಣ್ಣಿಗೆ ಕಂಡದ್ದೆಲ್ಲ ಅದೇ ಅಲ್ಲ

ಕೊಡಗಿನ ಹಾರಂಗಿಯಲ್ಲಿ ಮಳೆಗಾಲ ಹಿಡಿದರೆ ಎಲ್ಲರ ಕಣ್ಣೂ ಅಣೆಕಟ್ಟೆಯ ಮೇಲೆ. ನೀರು 2,859 ಅಡಿ ಮುಟ್ಟಿತೇ, ಕ್ರೆಸ್ಟ್ ಗೇಟ್ ತೆರೆದರೇ, ನದಿಗೆ ಎಷ್ಟು ಕ್ಯುಸೆಕ್ ಬಿಟ್ಟರು ಎಂಬ ಮಾತೇ ಮಾತು. ಮಡಿಕೇರಿಯಷ್ಟು ಮಳೆ ಕುಶಾಲನಗರದ ಸೀಮೆಯಲ್ಲಿ ಬೀಳುವುದಿಲ್ಲ, ನಿಜ. ಆದರೂ ಇಂಥ ಕಡೆ ಸವಾರಿಗೆಂದು ಕುದುರೆ ಕಟ್ಟಿಕೊಂಡವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಷ್ಟಕಾಲವೇ. ಕುದುರೆಯ ಬೆನ್ನು ವಾರಗಟ್ಟಲೆ ಪೂರ್ತಿ ಒಣಗುವುದಿಲ್ಲ. ಜೀನಿನ ಕೆಳಗಿನ ಗಾದಿಯೂ ಒಣಗುವುದಿಲ್ಲ.

ಹೀಗಿರುವಾಗ ಪಕ್ಕೆಯಲ್ಲೋ ಪಟ್ಟಿ ಬಿಗಿಯುವಲ್ಲೋ ದುಂಡಗೆ ಕೂದಲು ಉದುರಿತು ಎನ್ನಿ. ಸಲಹೆ ಕೊಡುವವರಿಗೆ ಕೊರತೆಯಿಲ್ಲ. ‘ಹುಳುಕಡ್ಡಿ ಕಣ್ರೀ, ನೋಡಿದ್ರೆ ಗೊತ್ತಾಗಲ್ವಾ? ಹಳೇ ಇಂಜಿನ್ ಆಯಿಲ್ ಹಚ್ಚಿ, ಹೋಗುತ್ತೆ.’ ಈ ಎರಡು ಮಾತೂ ತಪ್ಪು. ಎರಡನೆಯದರಿಂದ ಕುದುರೆಯ ಚರ್ಮ ಹಾಳು. ಮೊದಲನೆಯದರಿಂದ ಇಡೀ ಲಾಯಕ್ಕೆ, ಕೆಲವೊಮ್ಮೆ ಸಾಕಿದವರ ಮನೆಗೂ ಅಪಾಯ.

ನೋಡಿದರೆ ಗೊತ್ತಾಗುವುದಿಲ್ಲ. ಅದನ್ನು ಬಲವಾಗಿ ಹೇಳಲೇಬೇಕು, ಏಕೆಂದರೆ ಮಳೆ ಹೆಚ್ಚಿರುವ ಊರುಗಳಲ್ಲಿ ಹುಳುಕಡ್ಡಿಯ ‘ಫಂಗಸ್’ ಎಂದು ಮುಲಾಮು ತಿಕ್ಕಿಸಿಕೊಳ್ಳುವ ಕುದುರೆಗಳಲ್ಲಿ ಹಲವಕ್ಕೆ ಇರುವುದು ಫಂಗಸ್ ಅಲ್ಲವೇ ಅಲ್ಲ. ಅದು ಡರ್ಮಟೋಫಿಲಸ್ ಕಾಂಗೋಲೆನ್ಸಿಸ್ ಎಂಬ ಬ್ಯಾಕ್ಟೀರಿಯಾ. ಬೆಲ್ಜಿಯನ್ ಕಾಂಗೋದಲ್ಲಿ 1915ರಲ್ಲಿ ಇದನ್ನು ಮೊದಲು ವಿವರಿಸಿದರು. ಎಳೆಎಳೆಯಾಗಿ ಕವಲೊಡೆದು ಬೆಳೆಯುವ ಕಾರಣ ಇದನ್ನು ಬಹುಕಾಲ ಶಿಲೀಂಧ್ರವೆಂದೇ ತಿಳಿದವರಿದ್ದರು. ಸದಾ ಒದ್ದೆಯಾಗಿರುವ, ನೆಂದು ಮೆತ್ತಗಾದ ಚರ್ಮ ಇದಕ್ಕೆ ಬೇಕು. ಬೆನ್ನು, ಸೊಂಟ, ಮಳೆನೀರು ಇಳಿದುಹೋಗುವ ಪಕ್ಕೆ ಇದರ ಜಾಗ. ಅಲ್ಲಿ ಕಟ್ಟಿದ ಹಕ್ಕಳೆಯನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿದರೆ ಅದರ ಜೊತೆಗೆ ಕೂದಲ ಗೊಂಚಲೂ ಬುಡಸಮೇತ ಬಂದುಬಿಡುತ್ತದೆ, ಬಣ್ಣದ ಬ್ರಷ್ಷಿನ ತುದಿಯಂತೆ. ಕೆಳಗೆ ಹಸಿ ಗುಲಾಬಿ ಚರ್ಮ, ಹಕ್ಕಳೆಯ ಅಡಿಭಾಗದಲ್ಲಿ ಹಳದಿ ಮಿಶ್ರಿತ ಕೀವು. ಆ ಹಕ್ಕಳೆಯನ್ನು ಗಾಜಿನ ಮೇಲೆ ಅರೆದು, ಜೀಮ್ಸಾ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗುಂಡು ಕಣಗಳು ಜೋಡಿ ಸಾಲಾಗಿ ನಿಂತಿರುವುದು ಕಾಣುತ್ತದೆ. ಕುದುರೆಯನ್ನು ಒಣಗಿದ ಜಾಗಕ್ಕೆ ತರುವುದು, ಹಕ್ಕಳೆ ಬಿಡಿಸಿ ಕ್ಲೋರ್‌ಹೆಕ್ಸಿಡಿನ್‌ನಿಂದ ತೊಳೆಯುವುದು, ಜೋರಾಗಿದ್ದರೆ ವೈದ್ಯರ ಕೈಯಿಂದ ಪೆನಿಸಿಲಿನ್ ಕೊಡಿಸುವುದು, ಇದಕ್ಕೆ ಮದ್ದು ಇದು. ಫಂಗಸ್ ಮುಲಾಮಿಗೆ ಸುರಿದ ದುಡ್ಡು ದಂಡ.

ದುಂಡಗೆ ಕೂದಲು ಉದುರಿಸುವುದು ಇನ್ನೂ ಹಲವು. ಸಾರ್ಕಾಯ್ಡ್ ಎಂಬ ಚರ್ಮದ ಗಡ್ಡೆ ಅದರಲ್ಲೊಂದು. ದನಗಳ ಪ್ಯಾಪಿಲೋಮಾ ವೈರಸ್ಸಿನಿಂದ ಬರುವ ಇದರ ಒಂದು ಬಗೆಯಲ್ಲಿ ಗಂಟೇ ಕಾಣುವುದಿಲ್ಲ, ಬರೀ ಕೂದಲಿಲ್ಲದ ದುಂಡು ಮಚ್ಚೆ, ಹುಳುಕಡ್ಡಿಯ ಪಡಿಯಚ್ಚು. ಅದನ್ನು ಕೆರೆದು, ಉಜ್ಜಿ, ಸುಡುವ ಪದಾರ್ಥ ಹಚ್ಚಿದರೆ ಸುಮ್ಮನಿದ್ದ ಗಡ್ಡೆ ಕೆರಳಿ ಬೆಳೆಯಬಹುದು. ಕಜ್ಜಿಹುಳ, ನೊಣ-ನುಸಿಗಳ ಕಡಿತ, ಜೀನಿನ ತಿಕ್ಕಾಟ ಇವೂ ಆ ಸಾಲಿಗೇ ಸೇರಿದವು.

ಕಣ್ಣಿನ ಪರೀಕ್ಷೆಯ ಇನ್ನೊಂದು ಸೋಲು ಇದಕ್ಕಿಂತ ದೊಡ್ಡದು. ನಿಜವಾದ ಹುಳುಕಡ್ಡಿ ಮೊದಲ ದಿನಗಳಲ್ಲಿ ದುಂಡಗೆ ಕಾಣುವುದೇ ಇಲ್ಲ. ಟ್ರೈಕೋಫೈಟಾನ್ ಈಕ್ವಿನಮ್ ಎಂಬ ಶಿಲೀಂಧ್ರ ಕುದುರೆಯ ಚರ್ಮ ಹೊಕ್ಕ ಮೇಲೆ ಒಂದರಿಂದ ನಾಲ್ಕು ವಾರ ಏನೂ ತೋರದೆ ಇರಬಹುದು. ಆಮೇಲೆ ಅಲ್ಲಲ್ಲಿ ಕೂದಲು ನಿಗುರಿ ನಿಲ್ಲುತ್ತದೆ, ಚರ್ಮ ಸಣ್ಣಗೆ ಬೊಕ್ಕೆ ಎದ್ದಂತಾಗುತ್ತದೆ. ಜೇನ್ನೊಣ ಕಚ್ಚಿರಬೇಕು ಎಂದು ಮಾಲೀಕರು ಸುಮ್ಮನಾಗುತ್ತಾರೆ. ಕೂದಲು ಉದುರಿ ಬೂದುಬಣ್ಣದ ಹೊಟ್ಟು ಕಾಣುವಷ್ಟರಲ್ಲಿ ಅದೇ ಬ್ರಷ್ಷು, ಅದೇ ಜೀನು, ಅದೇ ಪಟ್ಟಿ ಪಕ್ಕದ ಕುದುರೆಯ ಮೈ ಸವರಿ ಆಗಿರುತ್ತದೆ. ಮಚ್ಚೆಯೇ ಇಲ್ಲದ ಕುದುರೆ ಕೂದಲಲ್ಲಿ ಬೀಜಕಣ ಹೊತ್ತು ತಿರುಗುವುದೂ ಉಂಟು.

ಪತ್ತೆ ಹಚ್ಚುವ ಕೆಲಸ ದುಬಾರಿಯದೂ ಅಲ್ಲ, ಕಷ್ಟದ್ದೂ ಅಲ್ಲ. ಮಚ್ಚೆಯ ನಡುಭಾಗ ಬಿಟ್ಟು ಅಂಚಿನಿಂದ ಕೂದಲು ಕೀಳಬೇಕು, ಏಕೆಂದರೆ ಶಿಲೀಂಧ್ರ ಜೀವಂತವಾಗಿ ಹಬ್ಬುತ್ತಿರುವುದು ಅಂಚಿನಲ್ಲಿ. ಕೀಳುವ ಮೊದಲು ಜಾಗವನ್ನು ಸ್ಪಿರಿಟ್‌ನಿಂದ ಒರೆಸಿ ಆರಲು ಬಿಟ್ಟರೆ ಲಾಯದ ಧೂಳಿನ ಬೂಷ್ಟು ಕಡಿಮೆಯಾಗುತ್ತದೆ. ಕಿತ್ತ ಕೂದಲನ್ನು ಪ್ಲಾಸ್ಟಿಕ್‌ನಲ್ಲಿ ಕಟ್ಟಬಾರದು, ಒಳಗಿನ ತೇವಕ್ಕೆ ಬೇರೆ ಬೂಷ್ಟು ಬೆಳೆದುಬಿಡುತ್ತದೆ. ಕಾಗದದ ಲಕೋಟೆಯೇ ಸರಿ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ನೆನೆಸಿದ ಕೂದಲನ್ನು ಪಳಗಿದ ಕಣ್ಣು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೂದಲಿಗೆ ಅಂಟಿದ ಬೀಜಕಣಗಳು ಅಂದೇ ಕಾಣಬಹುದು. ಕಾಣದಿದ್ದರೆ ರೋಗವಿಲ್ಲ ಎಂದಲ್ಲ, ಆಗ ಕಲ್ಚರ್ ಮಾಡಿಸಬೇಕು. ಅದಕ್ಕೆ ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಟ್ರೈಕೋಫೈಟಾನ್ ಈಕ್ವಿನಮ್ ಬೆಳೆಯಲು ಸಾಮಾನ್ಯವಾಗಿ ನಿಕೊಟಿನಿಕ್ ಆಮ್ಲ ಬೇಕು. ಹಾಗಾಗಿ ‘ಇದು ಕುದುರೆಯ ಕೂದಲು’ ಎಂದು ಲಕೋಟೆಯ ಮೇಲೆ ಬರೆದು ಕಳಿಸುವುದು ಬಹಳ ಮುಖ್ಯ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಬೆಂಗಳೂರಿನ ಹೆಬ್ಬಾಳದಲ್ಲಿ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಿದೆ. ಸ್ಥಳೀಯ ಪಶುವೈದ್ಯರ ಮೂಲಕ ಮಾದರಿ ಕಳಿಸಲು ದಾರಿ ಇದ್ದೇ ಇದೆ.

ವುಡ್ಸ್ ಲ್ಯಾಂಪಿನ ನೇರಳಾತೀತ ಬೆಳಕು ಬಿಟ್ಟು, ಹೊಳೆಯಲಿಲ್ಲವಾದ್ದರಿಂದ ಹುಳುಕಡ್ಡಿಯಲ್ಲ ಎಂದು ತೀರ್ಪು ಕೊಡುವವರೂ ಇದ್ದಾರೆ. ಟ್ರೈಕೋಫೈಟಾನ್ ಈಕ್ವಿನಮ್ ಆ ಬೆಳಕಿನಲ್ಲಿ ಹೊಳೆಯುವುದೇ ಇಲ್ಲ.

ಇನ್ನು ಇಂಜಿನ್ ಆಯಿಲ್. ಹಚ್ಚಿದವರು ‘ವಾಸಿ ಆಯ್ತಲ್ಲ’ ಎನ್ನುತ್ತಾರೆ, ಸುಳ್ಳು ಹೇಳುತ್ತಿಲ್ಲ. ಕುದುರೆಯ ಹುಳುಕಡ್ಡಿ ಸಾಮಾನ್ಯವಾಗಿ ಒಂದರಿಂದ ನಾಲ್ಕು ತಿಂಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ, ದೇಹದ ರೋಗನಿರೋಧಕ ಶಕ್ತಿ ಅದನ್ನು ಹೊರಗಟ್ಟುತ್ತದೆ. ಆ ಅವಧಿಯಲ್ಲಿ ಏನು ಹಚ್ಚಿದ್ದರೂ ಹೆಸರು ಅದಕ್ಕೇ. ಆಯಿಲ್, ಫಿನೈಲ್, ಬ್ಯಾಟರಿ ಆಸಿಡ್, ಸುಣ್ಣ, ಮಂತ್ರಿಸಿದ ಬೂದಿ ಎಲ್ಲವೂ ‘ಕೈಗುಣದ ಮದ್ದು’ ಆಗಿರುವುದು ಹೀಗೆ. ಬಳಸಿದ ಇಂಜಿನ್ ಆಯಿಲ್‌ನಲ್ಲಿ ಲೋಹದ ಕಣಗಳೂ ವಿಷಕಾರಿ ರಾಸಾಯನಿಕಗಳೂ ಇರುತ್ತವೆ. ಕುದುರೆ ಮೈ ನೆಕ್ಕಿಕೊಂಡರೆ ಅದು ಹೊಟ್ಟೆಗೂ ಹೋಗುತ್ತದೆ. ತಾನಾಗಿ ವಾಸಿಯಾಗುವ ರೋಗಕ್ಕೆ ಮದ್ದೇಕೆ ಎಂದು ಕೇಳಿದರೆ ಉತ್ತರ ಸರಳ. ಆ ತಿಂಗಳುಗಳಲ್ಲಿ ಅದು ಲಾಯದ ಉಳಿದ ಕುದುರೆಗಳಿಗೆ, ಮೈ ತಿಕ್ಕುವ ಹುಡುಗರ ಮುಂಗೈಗೆ, ಸವಾರಿಗೆ ಬಂದ ಮಕ್ಕಳ ಕಾಲಿಗೆ ಹತ್ತುತ್ತದೆ. ಉದುರಿದ ಬೀಜಕಣ ಮರದ ಕಂಬ, ಜೀನು, ಹಗ್ಗಗಳಲ್ಲಿ ಒಂದು ವರ್ಷಕ್ಕೂ ಮಿಕ್ಕಿ ಉಳಿಯಬಲ್ಲದು. ಮದ್ದು ಎಂದರೆ ಕುದುರೆಗೆ ಮೈಕೊನಜೋಲ್-ಕ್ಲೋರ್‌ಹೆಕ್ಸಿಡಿನ್ ಸ್ನಾನವೋ ಗಂಧಕ-ಸುಣ್ಣದ ದ್ರಾವಣವೋ ಮಾತ್ರವಲ್ಲ. ಸಾಮಾನಿನ ಕೊಳೆ ಮೊದಲು ತೊಳೆದು, ಆಮೇಲೆ ಬ್ಲೀಚ್ ದ್ರಾವಣ ಹಾಕಿ, ಬಿಸಿಲಿಗೆ ಒಣಗಿಸುವುದೂ ಮದ್ದೇ. ಒಂದು ಕುದುರೆಗೆ ಒಂದೇ ಜೀನು, ಒಂದೇ ಬ್ರಷ್ಷು ಎಂಬ ನಿಯಮ ಮಾಡಿಕೊಂಡರೆ ಅರ್ಧ ಗೆದ್ದಂತೆ.

ಹುಳುಕಡ್ಡಿ ರಕ್ತದಲ್ಲಿನ ಹುಳುವಿನಿಂದ ಬರುತ್ತದೆಂದು ಹುಳದ ಇಂಜೆಕ್ಷನ್ ಕೊಡಿಸುವುದು ವ್ಯರ್ಥ, ಅಲ್ಲಿ ಹುಳುವೇ ಇಲ್ಲ. ಪ್ರಾಣಿಯ ಹುಳುಕಡ್ಡಿ ಮನುಷ್ಯರಿಗೆ ಬರದು ಎಂಬುದು ಶುದ್ಧ ಸುಳ್ಳು.

ಕಣ್ಣಳತೆಯ ತೀರ್ಪು ಜೀವಕ್ಕೇ ಕುತ್ತಾಗುವ ಸಂದರ್ಭವೂ ಒಂದಿದೆ. ಕಾಲಿನ ಉದ್ದಕ್ಕೂ ಗಂಟು ಕಟ್ಟಿ, ಒಡೆದು ಕೀವು ಸೋರಿದರೆ ಅದು ಎಪಿಜೂಟಿಕ್ ಲಿಂಫಾಂಜೈಟಿಸ್ ಎಂಬ ಶಿಲೀಂಧ್ರ ರೋಗವಿರಬಹುದು. 1899–1902ರ ಬೋಯರ್ ಯುದ್ಧದಿಂದ ಮರಳಿದ ಸೇನಾ ಕುದುರೆಗಳ ಜೊತೆ ಅದು ಬ್ರಿಟನ್ನಿಗೂ ಹೋಗಿತ್ತು. ಇಥಿಯೋಪಿಯಾದ ಪಟ್ಟಣಗಳಲ್ಲಿ ಹತ್ತೊಂಬತ್ತು ಸಾವಿರ ಗಾಡಿ ಕುದುರೆಗಳನ್ನು ನೋಡಿದಾಗ ನೂರಕ್ಕೆ ಸುಮಾರು 19ರಲ್ಲಿ ಈ ರೋಗ ಕಂಡಿತ್ತು. ಆದರೆ ಅದೇ ಗಂಟು, ಅದೇ ಕೀವು ಗ್ಲ್ಯಾಂಡರ್ಸ್‌ನಲ್ಲೂ ಬರುತ್ತದೆ. ಅದು ಬ್ಯಾಕ್ಟೀರಿಯಾ ರೋಗ, ಮನುಷ್ಯರನ್ನೂ ಕೊಲ್ಲಬಲ್ಲದು. 2006ರಲ್ಲಿ ಮಹಾರಾಷ್ಟ್ರದಲ್ಲಿ ಅದು ಮರಳಿ ಕಾಣಿಸಿಕೊಂಡಾಗ ಪುಣೆಯ ಜೊತೆ ಪ್ರವಾಸಿಗರ ಗಿರಿಧಾಮ ಪಂಚಗಣಿಯ ಕುದುರೆಗಳೂ ಸಿಕ್ಕಿಬಿದ್ದವು. ಕೊಡಗಿನಂಥ ಪ್ರವಾಸಿ ಜಿಲ್ಲೆ ಮರೆಯಬಾರದ ಉದಾಹರಣೆ ಇದು. ರಕ್ತದ ಮಾದರಿಯ ಕೊನೆಯ ತೀರ್ಮಾನ ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದ್ದು. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ನಿಯಂತ್ರಣ ಕಾಯ್ದೆಯ ಪಟ್ಟಿಯಲ್ಲಿ ಗ್ಲ್ಯಾಂಡರ್ಸ್ ಇದೆ. ಸಂಶಯ ಬಂದರೂ ಸಾಕು, ತಿಳಿಸುವುದು ಮಾಲೀಕರ ಕರ್ತವ್ಯ.

ಕರ್ನಾಟಕದಲ್ಲಿ ಕುದುರೆಗೆ ಎರಡು ಲೋಕ. ಬೆಂಗಳೂರಿನ ರೇಸ್‌ಕೋರ್ಸು, ಕುಣಿಗಲ್ ಫಾರ್ಮಿನ ಕುದುರೆಗೆ ಮೈಮೇಲೆ ಚುಕ್ಕೆ ಬಿದ್ದರೂ ವೈದ್ಯರು ಹಾಜರು. ಮೈಸೂರಿನ ಟಾಂಗಾ ಕುದುರೆಗೆ, ಕೊಡಗಿನ ಸವಾರಿ ಕುದುರೆಗೆ ಸಿಗುವುದು ಪುಕ್ಕಟೆ ಸಲಹೆ. ಒಂದು ದಿನ ಕೆಲಸ ನಿಂತರೆ ಸಂಪಾದನೆ ನಿಲ್ಲುವ ಮಾಲೀಕರನ್ನು ಮೂಢರೆಂದು ಬೈಯುವುದು ಅನ್ಯಾಯ. ಬೈಯಬೇಕಾದದ್ದು ಏನೂ ತಿಳಿಯದೆ ಖಚಿತವಾಗಿ ಹೇಳುವವರನ್ನು. 2022ರಲ್ಲಿ ರಾಜ್ಯದ ದನಗಳಿಗೆ ಚರ್ಮಗಂಟು ರೋಗ ಹಬ್ಬಿದಾಗ ‘ಹಾಲು ಕುಡಿಯಬೇಡಿ, ಮನುಷ್ಯರಿಗೂ ಬರುತ್ತೆ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡಿತು. ಚರ್ಮಗಂಟು ಮನುಷ್ಯರಿಗೆ ಬರುವುದಿಲ್ಲ. ಬರದ ರೋಗಕ್ಕೆ ಹಾಗೆ ಹೆದರಿದ ಜನ, ಬರುವ ಹುಳುಕಡ್ಡಿಯನ್ನು ಬರಿಗೈಯಲ್ಲಿ ಉಜ್ಜುತ್ತಾರೆ. ಎರಡಕ್ಕೂ ಮೂಲ ಒಂದೇ: ಕೇಳಿದ್ದನ್ನು ನಂಬುವುದು ಸುಲಭ, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವುದು ಬೇಜಾರು.

ಕುದುರೆ ಸಾಕಿದವರಲ್ಲಿ ಒಂದು ಕೋರಿಕೆ. ಮೈಮೇಲೆ ಮಚ್ಚೆ ಕಂಡ ದಿನವೇ ಆ ಕುದುರೆಯನ್ನು ಬೇರೆ ಕಟ್ಟಿ, ಅದರ ಜೀನು-ಬ್ರಷ್ಷು ಬೇರೆ ಇಡಿ, ಕೈಗವಸು ಹಾಕಿ. ಹತ್ತಿರದ ಪಶು ಆಸ್ಪತ್ರೆಗೆ ಹೋಗಿ, ಇಲ್ಲವೇ 1962ಕ್ಕೆ ಕರೆ ಮಾಡಿ. ಕೂದಲ ಮಾದರಿ ತೆಗೆಯುವವರೆಗೆ ಮಚ್ಚೆಗೆ ಏನನ್ನೂ ಹಚ್ಚಬೇಡಿ. ಎಣ್ಣೆ ಮೆತ್ತಿದ ಕೂದಲಿನಿಂದ ಪ್ರಯೋಗಾಲಯಕ್ಕೂ ಸರಿಯಾದ ಉತ್ತರ ಸಿಗುವುದು ಕಷ್ಟ.